ವಜೀರ ಹಮ್ದಾನನೂ ಇಬ್ಬರು ಅಮೀರರೂ

ಮಕ್ಕಳೇ, ದೂರದ ಅರಬ್ ಮರಳುಗಾಡಿನಲ್ಲಿ ಐನ್ ರುಮ್ಮಾನ್ ಎಂಬ ಕೊಳವೊಂದಿತ್ತು. ಅದರ ಸುತ್ತ ಖರ್ಜೂರದ ಮರಗಳು, ಮರಗಳ ಬುಡದಲ್ಲಿ ಹಸಿರು ಹುಲ್ಲು. ಮೂರು ದಿನ ನಡೆದರೂ ಬೇರೆ ಸಿಹಿನೀರು ಸಿಗದ ಸೀಮೆ ಅದು. ಜಿಂಕೆ, ಮೊಲ, ಕಾಡುಕತ್ತೆ, ಉಷ್ಟ್ರಪಕ್ಷಿ ಎಲ್ಲವೂ ಆ ಒಂದೇ ನೀರನ್ನು ನಂಬಿ ಬದುಕಿದ್ದವು.

ತೋಳಗಳ ಮನೆತನದವರು ಆ ಕೊಳದ ಅಮೀರರು, ಅಂದರೆ ಒಡೆಯರು. ಹಿರಿಯ ಅಮೀರ ಒಂದು ಕಟ್ಟಳೆ ಮಾಡಿದ್ದ. ಖರ್ಜೂರದ ನೆರಳೊಳಗೆ ಯಾರೂ ಬೇಟೆಯಾಡುವಂತಿಲ್ಲ. ತೋಳವೇ ಆದರೂ ಹಸಿವಾದರೆ ಹೊರಗಿನ ಮರಳಿಗೆ ಹೋಗಬೇಕು. ಹಾಗಾಗಿ ಜಿಂಕೆಮರಿಗಳು ತೋಳದ ಪಕ್ಕದಲ್ಲೇ ನಿಂತು ನೀರು ಕುಡಿಯುತ್ತಿದ್ದವು.

ಅಮೀರನ ವಜೀರ ಹಮ್ದಾನ್ ಎಂಬ ಮುದಿ ಮುಳ್ಳುಹಂದಿ. ಮೆಲುದನಿಯವನು, ತಾಳ್ಮೆಯವನು. ಅವನ ಮುಳ್ಳು ನೆಟ್ಟಗಾದದ್ದನ್ನು ಯಾರೂ ನೋಡಿರಲಿಲ್ಲ.

ಒಂದು ಬೇಸಿಗೆಯಲ್ಲಿ ಹಿರಿಯ ಅಮೀರ ತೀರಿಕೊಂಡ. ಹಮ್ದಾನನ ತಲೆನೋವು ಅಂದಿನಿಂದ ಶುರುವಾಯಿತು.

ಅಮೀರನಿಗೆ ಇಬ್ಬರು ಹೆಂಡಿರು, ಇಬ್ಬರಿಗೂ ಒಬ್ಬೊಬ್ಬ ಮಗ. ಹಿರಿಯವನು ಘಾಲಿಬ್, ಕಿರಿಯವನು ಮುಂಜಿರ್.

"ಮೊದಲು ಹುಟ್ಟಿದವನು ನಾನು. ಅಮೀರ ನಾನೇ" ಎಂದ ಘಾಲಿಬ್.

"ನೀನು ಹುಟ್ಟಿದಾಗ ಅಪ್ಪ ಬರಿಯ ತೋಳ. ನಾನು ಹುಟ್ಟಿದಾಗ ಅಪ್ಪ ಅಮೀರ. ಹಾಗಾಗಿ ಅಮೀರನ ಮಗ ಅಂದರೆ ನಾನೊಬ್ಬನೇ" ಎಂದ ಮುಂಜಿರ್.

ತೋಳಗಳ ಹಿಂಡು ಎರಡಾಯಿತು. ಅರ್ಧ ಅಣ್ಣನ ಕಡೆ ಹೋಯಿತು, ಅರ್ಧ ತಮ್ಮನ ಕಡೆ.

ದಿನಾ ಬೆಳಿಗ್ಗೆ ಎತ್ತರದ ಖರ್ಜೂರದ ಮೇಲೆ ಚಂದ್ರಮುಕುಟ ಹಕ್ಕಿ ಕುಳಿತು ಅಮೀರನ ಹೆಸರು ಕೂಗಬೇಕು, ಆಮೇಲೆ ಎಲ್ಲರೂ ನೀರಿಗಿಳಿಯಬೇಕು. ಅದು ಅಲ್ಲಿನ ಪದ್ಧತಿ. ಈಗ ಹಕ್ಕಿ ಹಮ್ದಾನನ ಹತ್ತಿರ ಬಂದು ಕೇಳಿತು. "ವಜೀರರೇ, ಯಾರ ಹೆಸರು ಕೂಗಲಿ?"

"ಒಂದು ದಿನ ಅವರದು, ಒಂದು ದಿನ ಇವರದು" ಎಂದ ಹಮ್ದಾನ್.

ಎರಡು ದಿನ ಚೆನ್ನಾಗಿಯೇ ನಡೆಯಿತು. ಮೂರನೆಯ ದಿನ ಬಿರುಗಾಳಿ ಎದ್ದು ಹಕ್ಕಿ ಕೂಗಲೇ ಇಲ್ಲ. ನಾಲ್ಕನೆಯ ದಿನ ಯಾರ ಸರದಿ? ನಿನ್ನೆಯ ಸರದಿ ಬಾಕಿ ಉಳಿದಿದೆ ಎಂದು ಘಾಲಿಬ್, ಗಾಳಿಯ ದಿನವೂ ದಿನವೇ ಎಂದು ಮುಂಜಿರ್. ಬಿಸಿಲು ನೆತ್ತಿಗೆ ಬಂದರೂ ಮಾತು ಮುಗಿಯಲಿಲ್ಲ. ಪ್ರಾಣಿಗಳೆಲ್ಲ ದಡದಲ್ಲಿ ಕಾಯುತ್ತಾ ನಿಂತಿದ್ದವು.

ರಬಾಬ್ ಎಂಬ ಜಿಂಕೆ ತನ್ನ ಪುಟ್ಟ ಮರಿಯನ್ನು ಮುಂದೆ ತಳ್ಳಿಕೊಂಡು ಬಂದಳು. "ವಜೀರರೇ, ಇದರ ನಾಲಿಗೆ ನೋಡಿ, ಒಣಗಿಹೋಗಿದೆ. ಹೆಸರು ಕೂಗದಿದ್ದರೆ ನೀರು ಗಂಟಲಲ್ಲಿ ಇಳಿಯುವುದಿಲ್ಲವೇ?"

ಹಮ್ದಾನನಿಗೆ ನಾಚಿಕೆಯಾಯಿತು. "ಕುಡಿಸಮ್ಮ. ಯಾರಾದರೂ ಕೇಳಿದರೆ ವಜೀರ ಹೇಳಿದ ಅನ್ನು" ಎಂದ.

ಇದು ಹೀಗೆ ಮುಗಿಯುವುದಿಲ್ಲ ಎಂದು ಅವನು ಕೊಳದ ನಡುವೆ ಕಲ್ಲಿನ ಸಾಲು ಹಾಕಿಸಿದ. ಮೂಡಣ ಅರ್ಧ ಘಾಲಿಬನದು, ಪಡುವಣ ಅರ್ಧ ಮುಂಜಿರನದು. ಮಾರನೆಯ ದಿನ ನೋಡಿದರೆ ಸಾಲು ಒಂದು ಮಾರು ಪಡುವಣಕ್ಕೆ ಸರಿದಿತ್ತು.

"ನಾನು ಮುಟ್ಟಿಲ್ಲ. ನೀರಿನ ಸೆಳೆತಕ್ಕೆ ಕಲ್ಲು ಸರಿದಿರಬೇಕು" ಎಂದ ಘಾಲಿಬ್.

"ಕಲ್ಲು ಸರಿಸುವಷ್ಟು ನೀರು ಇದ್ದಿದ್ದರೆ ನಮ್ಮನ್ನು ಮರಳುಗಾಡಿನವರು ಅಂತ ಯಾರು ಕರೆಯುತ್ತಿದ್ದರು, ಅಮೀರರೇ?" ಎಂದ ಹಮ್ದಾನ್. ಅವನ ಬೆನ್ನಿನ ಮುಳ್ಳುಗಳು ಮೊದಲ ಸಲ ಜುಮ್ಮೆಂದು ಎದ್ದವು.

ಕಲ್ಲನ್ನು ಮತ್ತೆ ಸರಿಸಿ ಇಟ್ಟ. ಮರುದಿನ ಸಾಲು ಮೂಡಣಕ್ಕೆ ಸರಿದಿತ್ತು. ಅದನ್ನೂ ಸರಿಮಾಡಿದ. ತಿಂಗಳುಗಟ್ಟಲೆ ಅವನಿಗೆ ಇದೇ ಕೆಲಸವಾಯಿತು. ತೋಳಗಳು ಕಚ್ಚಾಡಿ ಕುಂಟತೊಡಗಿದವು.

ಒಂದು ದಿನ ಘಾಲಿಬ್ ಅವನನ್ನು ಪಕ್ಕಕ್ಕೆ ಕರೆದು, "ಗುಟ್ಟಿನ ಮಾತು. ಬೆಟ್ಟದ ಕತ್ತೆಕಿರುಬಗಳ ನಾಯಕ ತುಘಾನನಿಗೆ ಹೇಳಿಕಳಿಸಿದ್ದೇನೆ. ಮುಂಜಿರನನ್ನು ಓಡಿಸಿಕೊಟ್ಟರೆ ಪಡುವಣದ ನೆರಳೆಲ್ಲ ಅವನಿಗೆ" ಎಂದ.

ಅದೇ ಸಂಜೆ ಮುಂಜಿರ್ ಕರೆದ. "ಯಾರಿಗೂ ಹೇಳಬೇಡಿ. ತುಘಾನನಿಗೆ ಹೇಳಿಕಳಿಸಿದ್ದೇನೆ. ಘಾಲಿಬನನ್ನು ಓಡಿಸಿಕೊಟ್ಟರೆ ಮೂಡಣದ ನೆರಳೆಲ್ಲ ಅವನಿಗೆ."

ಹಮ್ದಾನ್ ಬದುಕಿನಲ್ಲಿ ಯಾರ ಗುಟ್ಟನ್ನೂ ಬಿಟ್ಟುಕೊಟ್ಟವನಲ್ಲ. ಆದರೂ ಬೆಳಿಗ್ಗೆ ಇಬ್ಬರನ್ನೂ ಎದುರುಬದುರು ಕೂರಿಸಿದ.

"ನೀವಿಬ್ಬರೂ ಒಬ್ಬನನ್ನೇ ಕರೆದಿದ್ದೀರಿ. ನಿಮ್ಮದಲ್ಲದ ಪಾಲನ್ನು ಅವನಿಗೆ ಕೊಟ್ಟಿದ್ದೀರಿ. ಅವನು ಇನ್ನೂ ಎರಡು ದಿನದ ದಾರಿಯಲ್ಲಿದ್ದಾನೆ. ನಮ್ಮ ಜಗಳ ಮುಗಿಯಿತು, ಬರಬೇಡ ಅಂತ ಇಬ್ಬರೂ ಸೇರಿ ಹೇಳಿಕಳಿಸಿ. ನಾನು ಬೇಡುವುದು ಇಷ್ಟೇ."

ಘಾಲಿಬ್, "ಅವನು ಮೊದಲು ಹೇಳಲಿ" ಎಂದ.

"ಮೊದಲು ಹೇಳಿದವನು ಸೋತ ಹಾಗೆ. ನಾನು ಹೇಳುವುದಿಲ್ಲ" ಎಂದ ಮುಂಜಿರ್.

"ತುಘಾನ್ ಬಂದರೆ ಕೊಳವೇ ಕೈಬಿಟ್ಟು ಹೋಗುತ್ತದೆ, ಅಮೀರರೇ."

"ಹೋಗಲಿ. ಇವನು ಅಮೀರನಾಗುವುದನ್ನು ನೋಡುವ ಬದಲು ಕತ್ತೆಕಿರುಬವನ್ನೇ ನೋಡುತ್ತೇನೆ" ಎಂದ ಘಾಲಿಬ್.

"ಈ ಒಂದು ಮಾತಿಗೆ ನನ್ನ ಒಪ್ಪಿಗೆ ಇದೆ ಅಣ್ಣ" ಎಂದ ಮುಂಜಿರ್.

ಅಷ್ಟು ತಿಂಗಳಲ್ಲಿ ಇಬ್ಬರೂ ಒಪ್ಪಿದ್ದು ಅದೊಂದನ್ನೇ. ಹಮ್ದಾನನಿಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ತಾನೇ ಹೋಗಿ ತುಘಾನನನ್ನು ತಡೆಯೋಣವೆಂದು ಹೊರಟ. ಅವನ ಗಿಡ್ಡ ಕಾಲಿಗೆ ದಾರಿ ಸಾಗಲಿಲ್ಲ. ಅವನು ಮರಳ ದಿಬ್ಬ ಹತ್ತುವಷ್ಟರಲ್ಲಿ ಆಚೆಯಿಂದ ನಲವತ್ತು ಕತ್ತೆಕಿರುಬಗಳು ಇಳಿದು ಬರುತ್ತಿದ್ದವು.

ತುಘಾನ್ ಮಾತಿನಲ್ಲಿ ಬಹಳ ಮರ್ಯಾದಸ್ಥ. ಕೊಳದ ದಡದಲ್ಲಿ ಕುಳಿತು ಸೋದರರಿಬ್ಬರನ್ನೂ ಕರೆಸಿದ.

"ಪಡುವಣದ ನೆರಳನ್ನು ನನಗೆ ಕೊಟ್ಟವರು ಯಾರು?"

"ನಾನು" ಎಂದ ಘಾಲಿಬ್, ತಮ್ಮನ ಮುಖ ನೋಡಿ ನಗುತ್ತಾ.

"ಮೂಡಣದ ನೆರಳನ್ನು ನನಗೆ ಕೊಟ್ಟವರು?"

"ನಾನು" ಎಂದ ಮುಂಜಿರ್, ಅವನೂ ನಗುತ್ತಾ.

"ಇಬ್ಬರ ಮಾತಿಗೂ ನಾನು ಒಪ್ಪಿದ್ದೇನೆ" ಎಂದ ತುಘಾನ್. "ಅಂದಮೇಲೆ ನೀವಿಬ್ಬರೂ ನಿಂತಿರುವುದು ಯಾರ ನೆರಳಲ್ಲಿ?"

ಸೋದರರ ನಗು ಆರಿಹೋಯಿತು. ತೋಳಗಳೆಲ್ಲ ಒಟ್ಟಾಗಿ ನಿಂತಿದ್ದರೆ ಆಗಲೂ ಏನಾದರೂ ಆಗುತ್ತಿತ್ತೇನೋ. ಒಬ್ಬರ ಪಕ್ಕ ಒಬ್ಬರು ನಿಲ್ಲಲು ಯಾರೂ ಮುಂದೆ ಬರಲಿಲ್ಲ. ಘಾಲಿಬ್ ತೆಂಕಣಕ್ಕೆ ಓಡಿದ, ಮುಂಜಿರ್ ಬಡಗಣಕ್ಕೆ ಓಡಿದ, ಅವರ ತೋಳಗಳು ಚೆಲ್ಲಾಪಿಲ್ಲಿಯಾದವು.

ಹಮ್ದಾನ್ ಮಾತ್ರ ಉಳಿದ. "ನೆರಳೊಳಗೆ ಬೇಟೆಯಾಡಬಾರದು ಎಂಬ ಕಟ್ಟಳೆಯೊಂದಿದೆ, ನಾಯಕರೇ" ಎಂದ.

"ಅದು ತೋಳಗಳ ಕಟ್ಟಳೆ" ಎಂದು ತುಘಾನ್ ಆಕಳಿಸಿದ. "ಇವತ್ತು ನಡೆದು ದಣಿದಿದ್ದೇವೆ, ಮಲಗುತ್ತೇವೆ. ನಾಳೆ ಹಸಿವಾಗುತ್ತದೆ."

ಹಮ್ದಾನ್ ಪೊದೆ ಪೊದೆಗೂ ಹೋಗಿ, "ಹೊಟ್ಟೆ ತುಂಬ ನೀರು ಕುಡಿಯಿರಿ, ಸದ್ದಿಲ್ಲದೆ ಹೊರಡಿ" ಎಂದ. ಮೊಲಗಳು ಹುಟ್ಟಿದ ಬಿಲಗಳನ್ನು ಬಿಟ್ಟು ಬಂದವು. ಇಳಿಬಿಸಿಲಿಗೆ ಎಲ್ಲರೂ ಮುರ್ರಾ ಎಂಬ ಉಪ್ಪುನೀರಿನ ಬಾವಿಯ ಕಡೆ ನಡೆದರು. ಎರಡು ದಿನದ ದಾರಿ. ಕಾಡುಕತ್ತೆಗಳು ಹೊರಗಿನ ಸಾಲಿನಲ್ಲಿ ನಡೆದು ರಬಾಬಳ ಮರಿಗೆ ತಮ್ಮ ಮೈಯ ನೆರಳು ಕೊಟ್ಟವು. ಮರಿ ಬದುಕಿತು. ಮುದಿ ಉಷ್ಟ್ರಪಕ್ಷಿಯೊಂದು ಕುಸಿದು ಕುಳಿತದ್ದು ಮತ್ತೆ ಏಳಲಿಲ್ಲ.

ಮುರ್ರಾದಲ್ಲಿ ನೀರು ಸ್ವಲ್ಪ, ಅದೂ ಉಪ್ಪು. ಎಲ್ಲರೂ ಸಾಲಾಗಿ ನಿಂತಿದ್ದಾಗ ಬಡಕಲಾದ ಎರಡು ತೋಳಗಳು ಎರಡು ದಿಕ್ಕಿನಿಂದ ಬಂದವು. ಘಾಲಿಬ್ ಮತ್ತು ಮುಂಜಿರ್.

ಒಂದು ಕಾಡುಕತ್ತೆ ಎದುರಿಗೆ ನಿಂತು ಕೇಳಿತು. "ನಮ್ಮ ಕೊಳ ಕಳೆದ ಅಮೀರ ನಿಮ್ಮಲ್ಲಿ ಯಾರು?"

"ಅವನು" ಎಂದ ಘಾಲಿಬ್ ತಕ್ಷಣ. "ಅಪ್ಪ ಅಮೀರನಾದ ಮೇಲೆ ಹುಟ್ಟಿದವನು ಅವನೇ."

"ಅಣ್ಣನೇ ಹಿರಿಯ" ಎಂದ ಮುಂಜಿರ್. "ಅಮೀರ ಅವನೇ. ನಾನು ಯಾವತ್ತೂ ಇಲ್ಲ ಅಂದಿಲ್ಲ."

ಹಮ್ದಾನ್ ಇಬ್ಬರನ್ನೂ ನೋಡಿದ. "ಈ ಮಾತನ್ನು ನಿಮ್ಮಲ್ಲಿ ಒಬ್ಬರ ಬಾಯಿಂದಾದರೂ ಹೊರಡಿಸಬೇಕು ಅಂತ ಎಷ್ಟು ತಿಂಗಳು ತಲೆ ಚಚ್ಚಿಕೊಂಡೆ" ಎಂದ. ಬೈಯಲು ಅವನಲ್ಲಿ ಶಕ್ತಿ ಉಳಿದಿರಲಿಲ್ಲ. "ನೀರು ಬೇಕಿದ್ದರೆ ಸಾಲಿನ ಕೊನೆಗೆ ಹೋಗಿ. ಮರಿಗಳು ಮೊದಲು."

ಅಮೀರರಿಬ್ಬರೂ ತಲೆ ತಗ್ಗಿಸಿ ಮೊಲಗಳ ಹಿಂದೆ ಹೋಗಿ ನಿಂತರು. ಹಮ್ದಾನ್ ತಿರುಗಿಯೂ ನೋಡದೆ ಬಾವಿಗಿಳಿದು ಮರಳು ತೋಡತೊಡಗಿದ. ಅಷ್ಟು ಜನಕ್ಕೆ ನಾಳೆಯೂ ನೀರು ಬೇಕಿತ್ತಲ್ಲ.

ನೀತಿ: ಒಡಹುಟ್ಟಿದವನಿಗೆ ಬಿಟ್ಟುಕೊಡಲಾರದೆ ಹೊರಗಿನವನನ್ನು ಕರೆತಂದವರು ತಮ್ಮ ಪಾಲನ್ನೂ ಕಳೆದುಕೊಳ್ಳುತ್ತಾರೆ, ತಮ್ಮನ್ನು ನಂಬಿದವರ ಪಾಲನ್ನೂ ಕಳೆಯುತ್ತಾರೆ.