ಲಾಭ, ಎರಡು, ಮೂರು

ಪಣಕ್ಕಿದ್ದದ್ದು ನಾಲ್ಕು ಸಾವಿರದ ನೂರ ಹನ್ನೆರಡು ಓಲೆಗರಿ. ಕಾವಲಿಗಿದ್ದದ್ದು ಆರು ಡಿಸ್ಕ್.

ಕರಾರು ಸರಳ. ಆರರಲ್ಲಿ ಒಂದು ಸತ್ತರೆ, ಉಳಿದ ಐದು ಸೇರಿ ಅದರ ಪಾಲಿನ ಮಾತನ್ನೂ ಹೇಳುತ್ತವೆ. ಒಂದಕ್ಷರ ನಷ್ಟವಿಲ್ಲ. ಎರಡು ಸತ್ತರೆ, ಉಳಿದ ನಾಲ್ಕು ಎಷ್ಟೇ ಗಟ್ಟಿಯಾಗಿರಲಿ, ಎಲ್ಲವೂ ಹೋಯಿತು. ಅಲ್ಲಿ ಚೌಕಾಶಿ ನಡೆಯುವುದಿಲ್ಲ.

ಓಲೆಗಳ ಅಸಲು ಈಗ ಇರಲಿಲ್ಲ. ಹುಳ ತಿಂದ ಕಟ್ಟುಗಳನ್ನು ಜನ ತಂದುಕೊಡುತ್ತಿದ್ದರು. ಫೋಟೊ ತೆಗೆದಾದ ಮೇಲೆ ಹಿರಿಯರ ಪದ್ಧತಿಯಂತೆ ಹೊಳೆಗೆ ಬಿಡುತ್ತಿದ್ದರು. ಅಕ್ಷರ ಉಳಿದದ್ದು ತುಂಗಭದ್ರೆಯ ದಂಡೆಯ ಆಶ್ರಮದಲ್ಲಿ, ಹಿಂದಿನ ಕೋಣೆಯ ಕಪ್ಪು ಸರ್ವರ್‌ನಲ್ಲಿ. ಆಶ್ರಮದಲ್ಲಿ ಅದನ್ನು ಪೆಟ್ಟಿಗೆ ಅನ್ನುತ್ತಿದ್ದರು.

ಪೆಟ್ಟಿಗೆಯನ್ನು ನೋಡಿಕೊಳ್ಳುವವರು ಚರಂತಯ್ಯನವರು. ಅವರ ಹತ್ತಿರ ಆ ವಿದ್ಯೆ ಕಲಿಯಲು ಬಂದವಳು ನೀಲಾಂಬಿಕೆ. ಅಕ್ಕಿಮಂಡಿಯವರ ಮಗಳು, ವಯಸ್ಸು ಇಪ್ಪತ್ತೆಂಟು, ಮಾತು ಚುರುಕು, ಕೈ ಅದಕ್ಕಿಂತ ಚುರುಕು.

ಒಮ್ಮೆ ಚರಂತಯ್ಯನವರು ಸವಣೂರು ಕಡೆಗೆ ಓಲೆ ಹುಡುಕಿಕೊಂಡು ಹೋದರು. ಪೆಟ್ಟಿಗೆಯನ್ನು ಶಿಷ್ಯೆಗೆ ಒಪ್ಪಿಸಿ, ದಿನಕ್ಕೊಂದು ಸಾಲು ಬರೆದಿಡು ಎಂದು ಒಂದು ನೋಟ್‌ಬುಕ್ ಕೊಟ್ಟರು.

ಒಂಬತ್ತು ದಿನ ಬಿಟ್ಟು ಬಂದರು. ಹೆಗಲ ಚೀಲವನ್ನೂ ಇಳಿಸದೆ ನೋಟ್‌ಬುಕ್ ತೆರೆದರು. ಮೊದಲ ದಿನ, ‘ನಡೆಯುತ್ತಿದೆ’. ಎರಡನೆಯ ದಿನ, ‘ನಡೆಯುತ್ತಿದೆ’. ಒಂಬತ್ತೂ ದಿನ ಅದೇ ಸಾಲು.

“ನೀನು ಹೇಳೋದು ಆಯ್ತು. ಪೆಟ್ಟಿಗೆ ಏನು ಹೇಳ್ತು?”

“ನಾಲ್ಕನೇ ದಿನದಿಂದ ‘ಡಿಗ್ರೇಡೆಡ್’ ಅಂತಿದೆ ಅಜ್ಜಾರೇ.”

“ಹಂಗಂದ್ರೆ?”

“ದರ್ಜೆ ಇಳಿದಿದೆ ಅಂತ. ನಮ್ಮ ಮಂಡೀಲಿ ಎರಡನೇ ದರ್ಜೆ ಅಕ್ಕಿನೂ ಅಕ್ಕಿನೇ. ಬೇಯುತ್ತೆ, ಉಣ್ಣಬಹುದು. ಫೋಟೊ ಎಲ್ಲಾ ತೆರೀತಿವೆ, ನಾನೇ ನೋಡ್ದೆ.”

ಚರಂತಯ್ಯನವರು ಹೆಗಲ ಚೀಲ ಇಳಿಸಿದರು. ಚೀಲದಿಂದ ಒಂದು ಓಲೆಕಟ್ಟು ತೆಗೆದರು. ಕಟ್ಟಿಗೆ ಎರಡು ತೂತು, ಎರಡು ದಾರ. ಒಂದು ದಾರವನ್ನು ಮೆಲ್ಲಗೆ ಎಳೆದು ತೆಗೆದುಬಿಟ್ಟರು.

“ಓದಕ್ಕೆ ಬರ್ತದಾ ನೋಡು.”

“ಬರುತ್ತೆ. ಒಂದು ಗರಿನೂ ಬಿದ್ದಿಲ್ಲ.”

“ನಡೀತಿದೆ ಅನ್ನು. ಹಂಗೇ ಹಿಡ್ಕೊಂಡು ಆ ಹೊಳೆಯೊಳಗಿನ ಬಂಡೆ ತನಕ ಹೋಗಿ ಬಾ.”

ನೀಲಾಂಬಿಕೆ ಹೊರಟಳು. ನೀರು ಮೊಣಕಾಲಿಗೆ ಬಂತು. ಗಾಳಿಗೆ ಗರಿಗಳು ಒಂದೇ ದಾರದ ಮೇಲೆ ಬೀಸಣಿಗೆಯಂತೆ ಬಿಚ್ಚಿಕೊಂಡವು. ಆ ದಾರವೂ ಹಳೆಯದು, ನಡುವೆ ಎಳೆ ಬಿಟ್ಟಿತ್ತು. ಅವಳು ಎರಡೂ ಕೈಯಿಂದ ಕಟ್ಟನ್ನು ಎದೆಗೆ ಅವುಚಿಕೊಂಡು, ಬಂಡೆ ಮುಟ್ಟದೆ ಅರ್ಧದಿಂದಲೇ ವಾಪಸ್ ಬಂದಳು.

“ಯಾಕವ್ವಾ ಅಷ್ಟು ಬಿಗಿಯಾಗಿ ಹಿಡಿದೆ? ನಡೀತಿತ್ತಲ್ಲ?”

ಅವಳ ಮುಖ ಸಣ್ಣದಾಯಿತು. “ಒಂದು ಡಿಸ್ಕ್ ಸತ್ತಿದೆ ಅಂತಲಾ?”

“ನಾಲ್ಕನೇ ದಿನವೇ ಸತ್ತಿದೆ. ಆರು ದಿನದಿಂದ ಐದೇ ಹೊತ್ಕೊಂಡು ನಿಂತಿವೆ.”

“ಬೇರೆ ಕಡೆ ನಕಲು ಇದೆಯಲ್ಲ ಅಜ್ಜಾರೇ?”

“ಯುಗಾದಿ ತನಕದ್ದು ಇದೆ. ಆಮೇಲೆ ಬಂದ ನಾಲ್ಕು ಸಾವಿರದ ಚಿಲ್ಲರೆ ಇರೋದು ಈ ಪೆಟ್ಟಿಗೇಲಿ ಮಾತ್ರ. ಊರಿಗೆ ಹೋಗೋ ಮುಂಚೆ ತೆಗೀಬೇಕಿತ್ತು, ತೆಗೀಲಿಲ್ಲ. ಆ ತಪ್ಪು ನಂದು. ಕಾಲು ತೊಳ್ಕೊಂಡು ಬರ್ತೀನಿ, ಕೂತು ನೋಡೋಣ.”

ಆದರೆ ತಪ್ಪು ಮಾಡಿದವರಿಗೆ ಕೂತಿರುವುದೇ ಕಷ್ಟ. ಗುರುಗಳು ಕಾಲು ತೊಳೆಯುವಷ್ಟರಲ್ಲಿ ಎಲ್ಲವನ್ನೂ ಸರಿಮಾಡಿಬಿಡಬೇಕು ಎಂದು ಅವಳು ಓಡಿದಳು. ಪರದೆಯಲ್ಲಿ ಬರೆದಿತ್ತು: ಸತ್ತದ್ದು ಮೂರು ನಂಬರಿನ ಡಿಸ್ಕ್. ಬೀರುವಿನಲ್ಲಿ ಹೊಸ ಡಿಸ್ಕ್ ಇತ್ತು. ಪೆಟ್ಟಿಗೆಯ ಮುಂದೆ ಕೂತು ಎಡಗಡೆಯಿಂದ ಎಣಿಸಿದಳು.

ಮಂಡಿಯಲ್ಲಿ ಹುಟ್ಟಿದವರು ಎಣಿಸುವುದೇ ಹಾಗೆ. ಸೇರಿನಿಂದ ಅಳೆಯುವಾಗ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಆಮೇಲೆ ಎರಡು, ಮೂರು.

“ಲಾಭ, ಎರಡು, ಮೂರು,” ಎಂದು ಮೂರನೆಯದನ್ನು ಎಳೆದಳು.

ಪೆಟ್ಟಿಗೆ ಒಂದು ಸಲ ಕೂಗಿಕೊಂಡಿತು. ಪರದೆಯ ಮಾತು ಬದಲಾಯಿತು: ‘ಫೇಲ್ಡ್’.

ಅದರ ಕೆಳಗೆ ಯಂತ್ರ ಮರ್ಯಾದೆಯಿಂದ ಒಂದು ಪ್ರಶ್ನೆ ಕೇಳಿತು. ಇರುವ ಡಿಸ್ಕ್‌ಗಳಿಂದ ಹೊಸದಾಗಿ ಶುರು ಮಾಡಲೇ? ಹೌದು, ಬೇಡ.

ಅವಳ ಬೆರಳು ‘ಹೌದು’ ಕಡೆಗೆ ಹೋಗುತ್ತಿತ್ತು.

“ನೀಲಾ.”

ಚರಂತಯ್ಯನವರು ಬಾಗಿಲಲ್ಲಿ ನಿಂತಿದ್ದರು. ಒದ್ದೆ ಕಾಲಿನಲ್ಲೇ ಒಳಗೆ ಬಂದು, ಮೂಲೆಯಲ್ಲಿದ್ದ ಕಡಲೆಕಾಯಿಯ ಮೊರ ತಂದು ಅವಳ ತೊಡೆಯ ಮೇಲಿಟ್ಟರು.

“ಸುಲಿ.”

“ಅಜ್ಜಾರೇ, ಎಲ್ಲಾ ಹೋಯ್ತು…”

“ಹೋಗಿದ್ರೆ ಕಡಲೆಕಾಯಿನಾದ್ರೂ ಉಳೀಲಿ. ಸುಲಿ.”

ಅವಳು ಅಳುತ್ತಾ ಸುಲಿದಳು. ಅವರು ಪಕ್ಕದಲ್ಲಿ ಕೂತು ಒಂದೊಂದೇ ಬೀಜ ಬಾಯಿಗೆ ಹಾಕಿಕೊಂಡರು. ಅರ್ಧ ಮೊರ ಆದಮೇಲೆ ಅವಳ ಅಳು ನಿಂತಿತು.

“ಈಗ ಹೇಳು. ಪೆಟ್ಟಿಗೆ ಎಲ್ಲಿಂದ ಎಣಿಸ್ತದೆ?”

ಅವಳು ಪರದೆಯ ಕಡೆ ತಿರುಗಿದಳು. “ಸೊನ್ನೆಯಿಂದ.”

“ಹಂಗಾದ್ರೆ ಅದರ ಮೂರು?”

“ನನ್ನ ನಾಲ್ಕು.” ಸುಲಿಯುತ್ತಿದ್ದ ಕೈ ನಿಂತಿತು. “ನಾನು ಎಳೆದದ್ದು ಬದುಕಿರೋ ಡಿಸ್ಕ್.”

“ಫೇಲ್ಡ್ ಅಂತ ಬರೆದಿದೆಯಲ್ಲ, ಸತ್ತವರು ಎಷ್ಟು?”

“ಒಂದೇ. ಇನ್ನೊಂದು… ನನ್ನ ತೊಡೆ ಪಕ್ಕದಲ್ಲಿದೆ.”

“ಅದು ಮನೆ ಬಿಟ್ಟು ಹೋಗಿದೆ ಅಷ್ಟೇ. ಹೋದೋರನ್ನ ಕರೀಬಹುದು. ‘ಹೌದು’ ಅಂದಿದ್ರೆ ಎಲ್ಲಾ ಅಳಿಸಿಹಾಕಿರೋದು, ಮನೇನೇ ಇರ್ತಿರಲಿಲ್ಲ.”

ಪೆಟ್ಟಿಗೆಯನ್ನು ಪೂರ್ತಿ ಆರಿಸಿದರು. ಎಳೆದ ಡಿಸ್ಕನ್ನು ಅದೇ ಜಾಗಕ್ಕೆ ಕೂರಿಸಲು ಅವಳಿಗೇ ಹೇಳಿದರು. ಮತ್ತೆ ಹಚ್ಚಿ, ಇದು ನಮ್ಮದೇ, ಒಳಗೆ ಸೇರಿಸಿಕೋ ಎಂದು ಯಂತ್ರಕ್ಕೆ ಅಪ್ಪಣೆ ಕೊಟ್ಟರು.

ಪರದೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಬಂತು ಆ ಮಾತು: ‘ಡಿಗ್ರೇಡೆಡ್’.

ನೀಲಾಂಬಿಕೆ ಕೈ ಮುಗಿದುಬಿಟ್ಟಳು.

“ಬೆಳಿಗ್ಗೆ ಎರಡನೇ ದರ್ಜೆ ಅಂದೆ. ಈಗ ಕೈ ಮುಗೀತಿದ್ದೀ.”

“ಬೆಳಿಗ್ಗೆ ಅದರ ಬೆಲೆ ಗೊತ್ತಿರಲಿಲ್ಲ.”

ಅವಳು ಹೊಸ ಡಿಸ್ಕ್ ಕೈಗೆತ್ತಿಕೊಂಡಳು. ಅವರು ತಡೆದರು. “ಗಾಡಿ ಅಚ್ಚು ಮುರಿದಾಗ ನಿಮ್ಮಪ್ಪ ಮೊದಲು ಏನು ಮಾಡ್ತಾನೆ?”

“ಚೀಲ ಇಳಿಸ್ತಾರೆ.”

“ಇಳಿಸು.”

ನಾಲ್ಕು ಸಾವಿರದ ನೂರ ಹನ್ನೆರಡು ಫೋಟೊಗಳನ್ನೂ ಮೊದಲು ಬೇರೊಂದು ಡಿಸ್ಕಿಗೆ ಇಳಿಸಿದಳು. ಎರಡು ತಾಸು ಹಿಡಿಯಿತು. ಆಮೇಲೆ ಪೆಟ್ಟಿಗೆಯ ಮುಂದೆ ಕೂತು ಎಣಿಸಲು ಬಾಯಿ ತೆರೆದಳು, ಮುಚ್ಚಿದಳು. ಸೆರಗಿನಿಂದ ಧೂಳು ಒರೆಸಿದಳು. ಒಂದೊಂದು ಡಿಸ್ಕಿನ ಮುಂದೂ ಗುರುಗಳು ಯಾವತ್ತೋ ಅಂಟಿಸಿದ್ದ ಚೀಟಿ ಇತ್ತು, ಅದರ ಮೇಲೆ ಆ ಡಿಸ್ಕಿನದೇ ನಂಬರು. ಪರದೆಯಲ್ಲಿ ಸತ್ತದ್ದರ ನಂಬರು ನೋಡಿ, ಚೀಟಿ ನೋಡಿ, ಮತ್ತೆ ಪರದೆ ನೋಡಿದಳು.

“ಇದೇ. ಎಳೀಲಾ?”

“ನನ್ನ ಕೇಳಬೇಡ. ಚೀಟಿ ಕೇಳು.”

ಎಳೆದಳು. ಪೆಟ್ಟಿಗೆ ಕೂಗಲಿಲ್ಲ. ಹೊಸದನ್ನು ಕೂರಿಸಿದಳು. ಪರದೆ ‘ರೀಬಿಲ್ಡಿಂಗ್’ ಎಂದಿತು, ನೂರಕ್ಕೆ ಒಂದು.

“ಒಂದೆರಡು ಫೋಟೊ ತೆರೆದು ನೋಡ್ಲಾ, ಸರಿಯಾಗಿವೆಯಾ ಅಂತ?”

“ಐದು ಜನ ಸೇರಿ ಹೊಸಬನಿಗೆ ಮೊದಲಿಂದ ಕೊನೇ ತನಕ ಪಾಠ ಒಪ್ಪಿಸ್ತಿದ್ದಾರೆ. ಅವರಿಗೆ ಇದೇ ಅತಿ ಭಾರದ ದಿನ. ಮಧ್ಯೆ ಮಾತಾಡಿಸಬೇಡ.”

ಅವಳು ಮಾತಾಡಿಸಲಿಲ್ಲ. ನೋಟ್‌ಬುಕ್ ತೆಗೆದು ಹತ್ತನೆಯ ದಿನದ ಸಾಲು ಬರೆದಳು: ‘ಡಿಸ್ಕ್ ಮೂರು, ನನ್ನ ಲೆಕ್ಕಕ್ಕೆ ನಾಲ್ಕನೆಯದು, ಆರು ದಿನದ ಹಿಂದೆ ಸತ್ತಿತ್ತು. ನಾನು ನೋಡಿದ್ದೆ, ಕೇಳಿರಲಿಲ್ಲ.’ ಗುರುಗಳು ಓದಿದರು. ಸುಲಿದ ಕಡಲೆಬೀಜವನ್ನೆಲ್ಲ ಅವಳ ಕಡೆಗೆ ತಳ್ಳಿದರು.

ಮರುದಿನ ಬೆಳಿಗ್ಗೆ ಪರದೆಯಲ್ಲಿ ‘ಆಪ್ಟಿಮಲ್’ ಎಂದಿತ್ತು. ಪೂರ್ತಿ ಆರೋಗ್ಯ.

“ಎಣಿಸು,” ಎಂದರು ಚರಂತಯ್ಯನವರು.

“ಸೊನ್ನೆ, ಒಂದು, ಎರಡು, ಮೂರು, ನಾಲ್ಕು, ಐದು.”

“ಮಂಡಿ ಎಣಿಕೆ ಬಿಟ್ಟೆಯಾ?”

“ಅದರಿಂದಲೇ ಅಲ್ವಾ ಮುಳುಗ್ತಿದ್ದದ್ದು. ಇನ್ನು ಬೇಡ ಅಜ್ಜಾರೇ.”

“ಇರಲಿ. ಒಟ್ಟು ಏನು ಗಳಿಸಿದೆವು, ಹೇಳು.”

“ನಾಲ್ಕು ಸಾವಿರದ ನೂರ ಹನ್ನೆರಡು ಓಲೆ. ಆರು ಡಿಸ್ಕ್.”

“ಅವು ಹತ್ತು ದಿನದ ಹಿಂದೆನೂ ಇದ್ವು. ಹಾಕಿದ ಬಂಡವಾಳ ವಾಪಸ್ ಬಂದ್ರೆ ನಿಮ್ಮಪ್ಪ ಅದನ್ನ ಗಳಿಕೆ ಅಂತಾನಾ?”

ಅವಳು ನಗುತ್ತ ಇಲ್ಲವೆಂದು ತಲೆಯಾಡಿಸಿದಳು.

ಚರಂತಯ್ಯನವರು ಸತ್ತ ಡಿಸ್ಕನ್ನು ಪಂಚೆಯ ಅಂಚಿನಿಂದ ಒರೆಸಿದರು. ಅವಳ ಅಂಗೈ ಮೇಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದರು.

“ಲಾಭ,” ಎಂದರು. “ಎರಡು ಅನ್ನದಂಗೆ ನೋಡ್ಕೋ.”