ಒಂದೇ ಕ್ಲಿಪ್ಪಿನ ಇಬ್ಬರು ಗೆಳೆಯರು

“ಅಜ್ಜಾರ, ನನಗೊಂದು ಬ್ಯಾರೆ ಪೇಟಿ ಕೊಡಸ್ತೀರೇನ್ರಿ?”

ಕೊಟ್ರಯ್ಯ ಹೀಗೆ ಕೇಳಿದಾಗ ಗುರುಗಳು ಜಗಲಿಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅವರ ಸಣ್ಣ ಸಂಗೀತ ಶಾಲೆಯಲ್ಲಿ ಇದ್ದದ್ದು ಒಂದೇ ಹಾರ್ಮೋನಿಯಂ ಪೇಟಿ. ಅದನ್ನು ಕಲಿಯುವವರು ಇಬ್ಬರು, ಕೊಟ್ರಯ್ಯ ಮತ್ತು ಮುರಿಗೆಪ್ಪ. ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು. ಒಬ್ಬನು ನುಡಿಸುವಾಗ ಇನ್ನೊಬ್ಬನು ಕಾಯಬೇಕು. ಆ ಬೆಳಿಗ್ಗೆ ಮುರಿಗೆಪ್ಪ ತನ್ನ ಸರದಿ ಮುಗಿದರೂ ಏಳಲಿಲ್ಲ. ಮಾತಿಗೆ ಮಾತು ಬೆಳೆಯಿತು. ಆಮೇಲೆ ಇಬ್ಬರ ನಡುವೆ ಮಾತೇ ನಿಂತುಹೋಯಿತು.

“ಅವನ ಸರದಿ ಮುಗಿಯೂತನಕ ಸುಮ್ಮನ ಕುಂತು ಕುಂತು ನನ್ನ ಅರ್ಧ ಜನ್ಮ ಹೋತ್ರಿ,” ಎಂದ ಕೊಟ್ರಯ್ಯ.

ಅರ್ಧ ಜನ್ಮ ಕಳೆದುಕೊಂಡವನಿಗೆ ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಆದರೂ ಗುರುಗಳು ನಗಲಿಲ್ಲ. ಎಲೆ ಮಡಚಿ ಬಾಯಿಗಿಟ್ಟುಕೊಂಡು, ಎದುರಿನ ಗುಡ್ಡದ ಕಡೆ ಒಮ್ಮೆ ನೋಡಿ, ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಅದೇ ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಇಬ್ಬರ ಅಂಗಡಿಗಳೂ ಎದುರುಬದುರು. ಇಬ್ಬರಿಗೂ ಒಂದೇ ಹುಚ್ಚು, ಗುಡ್ಡದ ಮೇಲೆ ಆಟದ ವಿಮಾನ ಹಾರಿಸುವುದು. ಆ ವಿಮಾನಕ್ಕೆ ಇಂಜಿನ್ ಇರುವುದಿಲ್ಲ. ಅದಕ್ಕೆ ಗ್ಲೈಡರ್ ಎನ್ನುತ್ತಾರೆ. ಗುಡ್ಡದ ಅಂಚಿನಲ್ಲಿ ನಿಂತು ಅದನ್ನು ಗಾಳಿಗೆ ಎದುರಾಗಿ ಎಸೆಯಬೇಕು. ಬೀಸಿ ಬಂದ ಗಾಳಿ ಗುಡ್ಡದ ಮೈಗೆ ಬಡಿದು ಮೇಲಕ್ಕೆ ಏರುತ್ತದೆ. ಏರುವ ಆ ಗಾಳಿಯೇ ವಿಮಾನವನ್ನು ಎತ್ತಿ ಹಿಡಿಯುತ್ತದೆ. ಅಂಚಿನಲ್ಲಿ ನಿಂತವನು ಕೈಯಲ್ಲಿರುವ ರಿಮೋಟಿನಿಂದ ಅದನ್ನು ಬೇಕಾದ ಕಡೆ ತಿರುಗಿಸುತ್ತಾನೆ. ಗಾಳಿ ಇರುವತನಕ ಆಟ. ಮಕ್ಕಳು ಮದುವೆಗೆ ಬಂದರೂ ಇವರಿಗೆ ಬುದ್ಧಿ ಬರಲಿಲ್ಲವೆಂದು ಇಬ್ಬರ ಹೆಂಡತಿಯರೂ ಒಬ್ಬರಿಗೊಬ್ಬರು ಹೇಳಿಕೊಂಡು ಸಮಾಧಾನಪಡುತ್ತಿದ್ದರು.

ದರ್ಜಿ ತನ್ನ ಗ್ಲೈಡರಿನ ರೆಕ್ಕೆಗೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದು ಬಿಗಿಯಾಗಿ ಅಂಟಿಕೊಳ್ಳಲೆಂದು ತಾನೇ ಇಸ್ತ್ರಿ ಮಾಡುತ್ತಿದ್ದ. ಮದುಮಗನ ಕೋಟಿಗೂ ಅವನು ಅಷ್ಟು ಮೆಲ್ಲಗೆ ಇಸ್ತ್ರಿ ಮಾಡಿದವನಲ್ಲ.

ಇಬ್ಬರ ರಿಮೋಟೂ ಹಳೆಯ ಕಾಲದವು. ಎರಡೂ ಒಂದೇ ಚಾನಲ್ಲಿನವು. ಎರಡನ್ನೂ ಒಟ್ಟಿಗೆ ಚಾಲೂ ಮಾಡಿದರೆ, ಹಾರುತ್ತಿರುವ ವಿಮಾನ ಯಾರ ಮಾತು ಕೇಳಬೇಕೆಂದು ತಿಳಿಯದೆ ಬಂಡೆಗೆ ಹೋಗಿ ಬಡಿಯುತ್ತದೆ. ಹಾಗೆ ಒಮ್ಮೆ ಬಡಿದೂ ಇತ್ತು. ಅಂದಿನಿಂದ ಅವರು ಒಂದು ನೇಮ ಮಾಡಿಕೊಂಡರು. ಬಟ್ಟೆ ಒಣಹಾಕುವ ಒಂದು ಕೆಂಪು ಕ್ಲಿಪ್ಪು. ಅದನ್ನು ಯಾರು ತನ್ನ ರಿಮೋಟಿನ ಏರಿಯಲ್ ಕಡ್ಡಿಗೆ ಸಿಕ್ಕಿಸಿಕೊಂಡಿರುವನೋ ಅವನು ಮಾತ್ರ ಹಾರಿಸಬೇಕು. ಇನ್ನೊಬ್ಬನು ತನ್ನ ರಿಮೋಟನ್ನು ಚೀಲದಿಂದ ಹೊರಗೆ ತೆಗೆಯುವಂತಿಲ್ಲ.

ಕ್ಲಿಪ್ಪಿಲ್ಲದವನು ಮತ್ತೇನು ಮಾಡಬೇಕು? ನೋಡಬೇಕು. ಬೇರೆ ಕೆಲಸವೇ ಇಲ್ಲ. ಹಾರಿಸುವವನ ಎರಡು ಕೈಯೂ ರಿಮೋಟಿನ ಮೇಲೆ, ಕಣ್ಣು ಆಕಾಶದಲ್ಲಿ. ಕಾಲ ಕೆಳಗಿನ ನೆಲ ಅವನಿಗೆ ಕಾಣದು. ಮೇಲೆ ನೋಡುತ್ತಾ ನೋಡುತ್ತಾ ಅಂಚಿನ ಕಡೆ ಹೆಜ್ಜೆ ಇಡುತ್ತಾನೆ. ಆದ್ದರಿಂದ ಕ್ಲಿಪ್ಪಿಲ್ಲದವನು ಪಕ್ಕದಲ್ಲಿ ನಿಂತು ಅವನ ಅಂಗಿಯ ಚುಂಗು ಹಿಡಿದುಕೊಳ್ಳುತ್ತಿದ್ದ. ಮೂಗಿನ ಮೇಲೆ ನೊಣ ಕೂತರೆ ಓಡಿಸುತ್ತಿದ್ದ. ಹಸಿವೆ ಎಂದರೆ ಬಾಯಿಗೆ ಚುರುಮುರಿ ಹಾಕುತ್ತಿದ್ದ. ಇಷ್ಟೆಲ್ಲ ಮಾಡುವಾಗಲೂ ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ.

“ಮೂತಿ ಎತ್ತಬ್ಯಾಡೋ, ನಿಂತಬಿಡತೈತಿ! ಹಾಂ, ಈಗ ಛಲೋ ಬಂತು ನೋಡು!”

ಬೈಗುಳವೂ ಅವನದೇ, ಶಹಭಾಸ್‌ಗಿರಿಯೂ ಅವನದೇ. ವಿಮಾನ ಇಳಿಜಾರಿನ ಮುಳ್ಳುಕಂಟಿಯಲ್ಲಿ ಬಿದ್ದರೆ ಮೊದಲು ಇಳಿದು ಓಡುವವನೂ ಅವನೇ.

ಹಾಗೆಂದು ಅವರ ನಡುವೆ ಜಗಳವೇ ಇರಲಿಲ್ಲ ಎಂದಲ್ಲ. ಕ್ಲಿಪ್ಪು ಕೈಗೆ ಬಂದವನಿಗೆ ಬಿಟ್ಟುಕೊಡಲು ಮನಸ್ಸಾಗುತ್ತಿರಲಿಲ್ಲ. ಇದೊಂದು ಸುತ್ತು, ಇದೊಂದು ಸುತ್ತು ಎನ್ನುತ್ತಾ ಗಾಳಿ ಇರುವ ಹೊತ್ತನ್ನೆಲ್ಲ ತಾನೇ ನುಂಗುತ್ತಿದ್ದ. ಇನ್ನೊಬ್ಬನ ಸರದಿ ಬರುವಷ್ಟರಲ್ಲಿ ಗಾಳಿ ಬಿದ್ದುಹೋಗುತ್ತಿತ್ತು. ಒಮ್ಮೆ ವ್ಯಾಪಾರಿಗೆ ಸಿಟ್ಟು ನೆತ್ತಿಗೇರಿತು. ಕ್ಲಿಪ್ಪನ್ನು ಕಿತ್ತು ಜೇಬಿಗೆ ಹಾಕಿಕೊಂಡು ಮನೆಗೆ ಹೊರಟುಬಿಟ್ಟ. ಮರುದಿನ ಇಬ್ಬರೂ ಎದುರುಬದುರು ಅಂಗಡಿಯಲ್ಲಿ ಕುಳಿತು, ಒಬ್ಬರಿಗೊಬ್ಬರು ಗುರುತೇ ಇಲ್ಲದವರ ಹಾಗೆ ರಸ್ತೆ ನೋಡಿದರು.

ಕಡೆಗೆ ವ್ಯಾಪಾರಿಯೇ ಸೋತ. ಶಹರಕ್ಕೆ ಹೋದವನು ಹೊಸ ನಮೂನೆಯ ರಿಮೋಟ್ ತಂದ. ತನಗೊಂದು, ದರ್ಜಿಗೊಂದು. ಒಂದು ಮಾತಾಡುವಾಗ ಇನ್ನೊಂದು ನಡುವೆ ಬಾಯಿ ಹಾಕುವುದಿಲ್ಲ. ಇಬ್ಬರೂ ಒಟ್ಟಿಗೆ ಹಾರಿಸಬಹುದು.

“ಇನ್ನ ಆ ಕ್ಲಿಪ್ಪು ನಿಮ್ಮ ಮನ್ಯಾಗ ಸೀರಿ ಒಣಗಹಾಕಾಕ ಇರಲಿ,” ಎಂದ.

ದರ್ಜಿ ಅವನನ್ನು ಅಪ್ಪಿಕೊಂಡ. ಪ್ರೀತಿಯಿಂದ ತಂದ ವಸ್ತು ಅದು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಅಂದಿನಿಂದ ಗುಡ್ಡದ ಮೇಲೆ ಎರಡು ವಿಮಾನ. ಕಾಯುವುದು ತಪ್ಪಿತು, ಜಗಳವೂ ತಪ್ಪಿತು. ಒಂದಕ್ಕೊಂದು ತಾಗಬಾರದಲ್ಲ ಎಂದು ವ್ಯಾಪಾರಿ ಆ ತುದಿಯಲ್ಲಿ ನಿಂತ, ದರ್ಜಿ ಈ ತುದಿಯಲ್ಲಿ ನಿಂತ. ಯಾರೂ ಯಾರಿಗೂ ಬೈಯಲಿಲ್ಲ. ದರ್ಜಿ ಒಮ್ಮೆ ಮೇಲೆ ನೋಡುತ್ತಾ ಹೋಗಿ ಕಳ್ಳಿಯ ಮೇಲೆ ಕಾಲಿಟ್ಟ. ಮುಳ್ಳನ್ನು ತಾನೇ ಕುಳಿತು ತೆಗೆದುಕೊಂಡ. ಹಾರಿಸಲು ಈಗ ಬೇಕಾದಷ್ಟು ಹೊತ್ತು ಸಿಗುತ್ತಿತ್ತು. ಆದರೂ ಇಬ್ಬರೂ ಮೊದಲಿಗಿಂತ ಬೇಗ ಮನೆಗೆ ಹೊರಡುತ್ತಿದ್ದರು. ಯಾಕೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ದರ್ಜಿಗೆ ಬಹಳ ದಿನದ ಒಂದು ಆಸೆ ಇತ್ತು. ಹದ್ದು ಸುತ್ತುಹಾಕುವ ಕಡೆ ತನ್ನ ವಿಮಾನವನ್ನು ಸೇರಿಸಬೇಕು. ಹದ್ದು ಬೆದರಬಾರದು, ಜೊತೆಗಿರಬೇಕು. ಎಷ್ಟೋ ಸಲ ಪ್ರಯತ್ನಿಸಿದ್ದ. ಹದ್ದು ಒಂದೋ ದೂರ ಹೋಗುತ್ತಿತ್ತು, ಇಲ್ಲವೇ ಕಾಲು ಚಾಚಿ ಎರಗುತ್ತಿತ್ತು. “ನಿನ್ನ ಬೀಗತನ ಅದಕ್ಕ ಬ್ಯಾಡಂತ, ಬಿಡೋ,” ಎಂದು ವ್ಯಾಪಾರಿ ಅವನನ್ನು ಕಾಡಿಸುತ್ತಿದ್ದ.

ಒಂದು ಸಂಜೆ ಹದ್ದು ಹೋಗಲಿಲ್ಲ. ದರ್ಜಿಯ ವಿಮಾನ ತನ್ನ ಕೆಳಗೆ ಬಂದಾಗ ಅದು ತಲೆ ಹೊರಳಿಸಿ ನೋಡಿತು. ನೋಡಿ ಸುಮ್ಮನೆ ತನ್ನ ಪಾಡಿಗೆ ತಾನು ತಿರುಗಿತು. ಎರಡೂ ಜೊತೆಜೊತೆಯಾಗಿ ಮೇಲೆ ಮೇಲೆ ಏರಿದವು. ದರ್ಜಿಯ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಸ್ವಲ್ಪ ಹೊತ್ತಿಗೆ ಹದ್ದು ಕೆರೆಯ ಕಡೆಗೆ ಜಾರಿಹೋಯಿತು. ದರ್ಜಿ ವಿಮಾನವನ್ನು ಹುಲ್ಲಿನ ಮೇಲೆ ಇಳಿಸಿ, ರಿಮೋಟನ್ನು ಅಲ್ಲೇ ಬಿಟ್ಟು, ಆ ತುದಿಗೆ ಓಡಿದ.

“ನೋಡಿದ್ಯೋ? ನೋಡಿದ್ಯೋ ಇಲ್ಲೋ?”

“ಏನು?” ಎಂದ ವ್ಯಾಪಾರಿ. ಅವನ ಕಣ್ಣು ಇನ್ನೂ ತನ್ನ ವಿಮಾನದ ಮೇಲೆಯೇ ಇತ್ತು. “ನಂದು ಈಗ ಬಂಡೆ ಹಿಂದ ಬೀಳಾಕ ಹೋಗಿ ಮತ್ತ ಎದ್ದು ಬಂತಲ್ಲ, ನೀ ನೋಡ್ಲಿಲ್ಲೇನು?”

ದರ್ಜಿ ನೋಡಿರಲಿಲ್ಲ.

ಇಬ್ಬರೂ ಕುಳಿತು ತಮ್ಮ ತಮ್ಮದನ್ನು ಬಾಯಲ್ಲಿ ಹೇಳಿಕೊಂಡರು. ಕೇಳಿದವನು ಭಾರೀ ಆಯಿತು ಬಿಡು ಎಂದ. ಅವನಿಗೆ ಸಂತೋಷವಾಗಲಿಲ್ಲ ಎಂದಲ್ಲ. ಆದರೆ ಹೇಳಿದವನಿಗೆ ಅದು ಸಾಲಲಿಲ್ಲ. ದರ್ಜಿಗೆ ತುಂಬಾ ದುಃಖವಾಯಿತು. ಎಷ್ಟೋ ವರ್ಷ ಕಾದದ್ದು ಇವತ್ತು ಆಗಿತ್ತು, ಆದದ್ದು ಅವನೊಬ್ಬನಿಗೇ ಗೊತ್ತಿತ್ತು. ಒಂದೇ ಗಾಡಿಯಲ್ಲಿ ಹಿಂದೆ ಮುಂದೆ ಕುಳಿತು ಇಬ್ಬರೂ ಊರಿಗೆ ಬಂದರು.

ಬಂದವನೇ ದರ್ಜಿ ವಿಮಾನವನ್ನು ಅಂಗಡಿಯ ಅಟ್ಟಕ್ಕೆ ಏರಿಸಿದ. ಗುಡ್ಡಕ್ಕೆ ಹೋಗೋಣ ಎಂದು ವ್ಯಾಪಾರಿ ಕರೆದಾಗ ಮೈ ಸರಿಯಿಲ್ಲ ಎಂದ. ಇನ್ನೊಮ್ಮೆ ಕರೆದಾಗ ಮದುವೆ ಬಟ್ಟೆ ಬಹಳ ಬಂದಿವೆ ಎಂದ. ವ್ಯಾಪಾರಿ ಪಾತ್ರೆ ತೋರಿಸುತ್ತಾ ತೋರಿಸುತ್ತಾ ಎದುರಿನ ಅಂಗಡಿ ನೋಡುತ್ತಿದ್ದ. ಅಲ್ಲಿ ಗೆಳೆಯ ತಲೆ ಎತ್ತದೆ ಹೊಲಿಯುತ್ತಿದ್ದ. ತನಗೂ ಆ ಗುಡ್ಡ ಈಗೀಗ ಬೇಸರ ತರುತ್ತಿದೆ ಎಂಬುದು ಆಗ ವ್ಯಾಪಾರಿಗೆ ಹೊಳೆಯಿತು. ಒಂದು ಮಧ್ಯಾಹ್ನ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ರಸ್ತೆ ದಾಟಿ ಬಂದ. ಅಟ್ಟ ಹತ್ತಿ ತಾನೇ ವಿಮಾನ ಇಳಿಸಿದ. “ನಡಿ,” ಎಂದ. ದರ್ಜಿ ಸೂಜಿಯನ್ನು ಅರಿವೆಗೆ ಚುಚ್ಚಿಟ್ಟು ಎದ್ದ.

ಗುಡ್ಡದ ಮೇಲೆ ದರ್ಜಿ ವಿಮಾನ ಎಸೆದ. ವ್ಯಾಪಾರಿ ತನ್ನ ಚೀಲದ ಬಾಯಿ ಬಿಚ್ಚಲಿಲ್ಲ. ಆ ತುದಿಗೂ ಹೋಗಲಿಲ್ಲ. ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತ.

“ನಿಂದೂ ಹಾರಸೋ. ಈಗೇನು ಅಡ್ಡಿ ಇಲ್ಲಲ್ಲ,” ಎಂದ ದರ್ಜಿ.

“ಹಾರಸ್ತೀನಿ. ಮೊದಲ ನಿಂದು ನೋಡ್ತೀನಿ.”

ಆ ದಿನ ಹದ್ದು ಬರಲಿಲ್ಲ. ಗಾಳಿಯೂ ಅಷ್ಟಕ್ಕಷ್ಟೇ. ವಿಮಾನ ಹೋಗಿ ಬಂದು, ಹೋಗಿ ಬಂದು, ಕಡೆಗೆ ಒಂದು ಕಂಟಿಯಲ್ಲಿ ಬಿತ್ತು. ವ್ಯಾಪಾರಿ ಒಂದು ತಿರುವನ್ನೂ ಬಿಡದೆ ಬೈದ. ದರ್ಜಿ ಅಷ್ಟು ಸಂತೋಷದಿಂದ ಎಂದೂ ಹಾರಿಸಿರಲಿಲ್ಲ.

ಇಷ್ಟು ಹೇಳಿ ಗುರುಗಳು ಎಲೆಯನ್ನು ಉಗುಳಲು ಎದ್ದರು. ಬಂದು ಮತ್ತೆ ಕುಳಿತರು.

ಕೊಟ್ರಯ್ಯ ಜಾಣ. ಕತೆ ತನ್ನ ಕಡೆಗೇ ಬರುತ್ತಿದೆ ಎಂದು ಅವನಿಗೆ ನಡುವೆಯೇ ಗೊತ್ತಾಗಿತ್ತು. ತಪ್ಪಿಸಿಕೊಳ್ಳಲು ಒಂದು ಸಂದಿಯನ್ನೂ ಹುಡುಕಿಟ್ಟಿದ್ದ.

“ಅಜ್ಜಾರ, ಏನ ಆದ್ರೂ ಅವರ ಕಡೆ ಎರಡು ರಿಮೋಟ್ ಉಳದ್ವಲ್ರಿ. ಹಂಗ ನಮಗೂ ಎರಡು ಪೇಟಿ ಇದ್ರ ತಪ್ಪೇನ್ರಿ?”

“ತಪ್ಪೇನೂ ಇಲ್ಲಪಾ. ನಾಳೆನ ತರಸ್ತೀನಿ,” ಎಂದರು ಗುರುಗಳು.

ಕೊಟ್ರಯ್ಯನ ಮುಖ ಅರಳಿತು. ಒಳಗೆ ಮುರಿಗೆಪ್ಪ ಪೇಟಿ ನುಡಿಸುತ್ತಿದ್ದ. ಒಂದು ಕಡೆ ಅವನ ಬೆರಳು ಜಾರಿ ಸ್ವರ ತಪ್ಪಿತು. ಕೊಟ್ರಯ್ಯನ ತಲೆ ತನ್ನಷ್ಟಕ್ಕೆ ತಾನೇ ಆ ಕಡೆ ತಿರುಗಿತು. “ಅಲ್ಲಿ ಕೋಮಲ ಗಾಂಧಾರ ಐತೋ!” ಎಂದು ಕೂಗಲು ಬಾಯಿ ತೆರೆದವನು, ಜಗಳ ನೆನಪಾಗಿ ನುಂಗಿಕೊಂಡ.

ಗುರುಗಳು ಅವನನ್ನೇ ನೋಡುತ್ತಿದ್ದರು.

“ಪೇಟಿ ಅಂಗಡ್ಯಾಗ ಸಿಗತೈತಿ, ಮಗಾ. ನೀ ತಪ್ಪಿದಾಗ ಹಿಂಗ ತಿರುಗಿ ನೋಡಾಂವನ್ನ ಎಲ್ಲಿಂದ ತರಸಲಿ?”