ಸೊಳ್ಳೆ ಪರದೆಯೊಳಗಿನ ಕುಂಬಳಬಳ್ಳಿ

ಪೂಜ್ಯ ಶ್ರೀ ಸಾವಂತ್ರಮ್ಮ ತಾಯಿಯವರು ಆಗ ಹೊಳೆಯಂಚಿನ ಹುಣಸಿಹೊಂಡದಲ್ಲಿ ಬಿಡಾರ ಮಾಡಿದ್ದರು. ಬಿಡಾರವೆಂದರೆ ಎರಡು ಅಂಕಣದ ಮಣ್ಣಿನ ಮನೆ, ಮುಂದೆ ದಾಸೋಹದ ಒಲೆ, ಹಿಂದೆ ಹಿತ್ತಲು. ಹಿತ್ತಲಲ್ಲಿ ತುಂಬೆ, ತುಳಸಿ, ಕಾಮಕಸ್ತೂರಿ ಮೊಣಕಾಲೆತ್ತರ ಬೆಳೆದಿದ್ದವು. ಕೊತ್ತಂಬರಿಯನ್ನೂ ಸಬ್ಬಸಿಗೆಯನ್ನೂ ತಾಯಿಯವರು ಪೂರ್ತಿ ಕೀಳಲು ಬಿಡದೆ ಅರ್ಧ ಪಾತಿಯನ್ನು ಹೂವಿಗೆ ಉಳಿಸುತ್ತಿದ್ದರು. "ಮುಂದ ಮಂದಿಗೆ ದಾಸೋಹ, ಹಿಂದ ಜೇನಿಗೆ" ಎಂದು ನಗುತ್ತಿದ್ದರು. ಬೆಳಗಿನ ಹೊತ್ತು ಆ ಹಿತ್ತಲೆಲ್ಲ ಗುಂಯ್‌ಗುಡುತ್ತಿತ್ತು. ಅಂಜುಬುರುಕ ಭಕ್ತರು ಮುಂಬಾಗಿಲಲ್ಲೇ ಅಡ್ಡಬಿದ್ದು ಹಿಂತಿರುಗುತ್ತಿದ್ದುದೂ ಉಂಟು.

ಅದೇ ಊರಿನ ಗೋದಕ್ಕ ಪ್ರತಿ ಎಳ್ಳಮಾವಾಸ್ಯೆಗೆ ಆ ದಾಸೋಹಕ್ಕೆ ತಮ್ಮ ಹಿತ್ತಲಿನ ಒಂದು ಕುಂಬಳಕಾಯಿ ಒಪ್ಪಿಸುತ್ತಿದ್ದರು. ಅದು ಅವರ ಅತ್ತೆ ತವರಿನಿಂದ ತಂದ ತಳಿ. ಬೇರೆಲ್ಲೂ ಇಲ್ಲದ ಆ ಬೀಜವನ್ನು ಅತ್ತೆ ಸಾಯುವ ಮುಂಚೆ ಸೊಸೆಯ ಕೈಗಿಟ್ಟು, ಕೆಡಿಸಬೇಡ ಎಂದಿದ್ದರು. ಆ ವರ್ಷ ಇಲಿ ಬಡಿದು ಬೀಜ ಹಾಳಾಗಿ, ಉಳಿದದ್ದನ್ನೆಲ್ಲ ಊರಿದರೂ ಒಂದೇ ಬಳ್ಳಿ ಎದ್ದಿತ್ತು. ಅದು ಕಾಯಿ ಬಿಡದಿದ್ದರೆ ಅತ್ತೆಯ ತಳಿ ಅಲ್ಲಿಗೆ ಮುಗಿದಂತೆ.

ಈ ಸಂಕಟದ ನಡುವೆ ಅವರ ಯಜಮಾನರು ಪ್ರಹ್ಲಾದಾಚಾರ್ಯರು ಒಂದು ಘನಕಾರ್ಯ ಮಾಡಿದ್ದರು. ಆಚಾರ್ಯರ ಮಡಿಯೆಂದರೆ ಊರಿಗೇ ಹೆಸರುವಾಸಿ. ಮೂಸಿದ ಹೂವು ಪೂಜೆಗೆ ಸಲ್ಲದು ಎಂದು ಎಲ್ಲರೂ ಬಲ್ಲರು. ಆಚಾರ್ಯರು ಅಲ್ಲಿಗೇ ನಿಲ್ಲಲಿಲ್ಲ. ನಾವು ಮೂಸದಿದ್ದರೇನು, ಜೇನ್ನೊಣ ಮೂಸುತ್ತದಲ್ಲ? ಮನೆಯ ಹಳೆಯ ಸೊಳ್ಳೆ ಪರದೆಗಳನ್ನೆಲ್ಲ ಒಂದಕ್ಕೊಂದು ಹೊಲಿದು, ಬಿದಿರಿನ ಗಳ ನೆಟ್ಟು, ಇಡೀ ಹಿತ್ತಲಿಗೆ ಹೊದಿಸಿಬಿಟ್ಟರು. ದಾಸವಾಳ, ಸೇವಂತಿಗೆ, ಕುಂಬಳಬಳ್ಳಿ ಎಲ್ಲಕ್ಕೂ ಪರದೆಯೊಳಗೇ ವಾಸವಾಯಿತು.

ಬಳ್ಳಿ ಮೈತುಂಬ ಹೂ ಬಿಟ್ಟಿತು. ಹೂವಿನ ಹಿಂದೆ ಪುಟ್ಟ ಹೀಚೂ ಕಾಣಿಸಿಕೊಂಡಿತು. ಆದರೆ ಬಂದ ಬಂದ ಹೀಚೆಲ್ಲ ಹಳದಿಯಾಗಿ ಉದುರುತ್ತಿತ್ತು. ಗೋದಕ್ಕ ಅಕ್ಕಿ ತೊಳೆದ ನೀರು ಹೊಯ್ದರು, ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಕುಂಬಳಕಾಯಿಯಿಂದ ದೃಷ್ಟಿ ತೆಗೆಯುವುದನ್ನು ಎಲ್ಲರೂ ಕಂಡಿದ್ದೇವೆ. ಕುಂಬಳಬಳ್ಳಿಗೇ ದೃಷ್ಟಿ ತೆಗೆದವರು ಅವರೊಬ್ಬರೇ ಇರಬೇಕು. ದಸರೆ ಮುಗಿದು ಬಳ್ಳಿ ಬಾಡತೊಡಗಿದಾಗ ಅದರಲ್ಲಿ ಉಳಿದದ್ದು ಒಂದೇ ಹೀಚು. ಅದರ ತುದಿಯ ಮೊಗ್ಗು ಮರುದಿನ ಅರಳುವಂತಿತ್ತು. ಗೋದಕ್ಕ ಗಂಡನನ್ನು ಎಬ್ಬಿಸಿಕೊಂಡು ತಾಯಿಯವರ ಬಳಿ ಹೊರಟರು. "ನಡಿ, ಪವಾಡಾನರ ನೋಡಿ ಬರೋಣ" ಎಂದು ಆಚಾರ್ಯರು ಮೂಗು ಮುರಿಯುತ್ತ ಹಿಂಬಾಲಿಸಿದರು.

ತಾಯಿಯವರು ಹಿತ್ತಲಲ್ಲಿ ಕಾಮಕಸ್ತೂರಿಯ ಬುಡಕ್ಕೆ ಮಣ್ಣು ಏರಿಸುತ್ತಿದ್ದರು.

"ತಾಯಿ, ಬಳ್ಳಿ ತುಂಬ ಹೂ ಅವ, ಒಂದೂ ಕಾಯಿ ನಿಲ್ಲವಲ್ದು. ನಮ್ಮತ್ತಿಯವರಿಗೆ ನಾ ಏನಂತ ಹೇಳಲಿ?" ಎಂದು ಗೋದಕ್ಕ ಅತ್ತೇಬಿಟ್ಟರು.

ತಾಯಿಯವರು ಕೇಳಿದ್ದು ಇಷ್ಟೇ: "ಬಳ್ಳಿಗೆ ಜೇನು ಬರ್ತಾವೇನವಾ?"

ಗೋದಕ್ಕ ಗಂಡನ ಮುಖ ನೋಡಿದರು. ಆಚಾರ್ಯರು ಎದೆ ಸೆಟೆಸಿ ಹೇಳಿದರು: "ಒಂದೂ ಬರಂಗಿಲ್ಲ. ಅದಕ್ಕಂತನ ಪರದಿ ಕಟ್ಟೇನಿ. ಹುಳಾ ಮುಟ್ಟಿದ್ದು ದೇವರಿಗೆ ಹ್ಯಾಂಗ ಸಲ್ತದ, ನೀವೇ ಹೇಳ್ರಿ."

ಅಷ್ಟರಲ್ಲಿ ಕಾಮಕಸ್ತೂರಿಯಿಂದೆದ್ದ ಒಂದು ಜೇನ್ನೊಣ ನೇರವಾಗಿ ಬಂದು ಆಚಾರ್ಯರ ಎದೆಯ ಗೋಪಿಚಂದನದ ಮುದ್ರೆಯ ಮೇಲೆ ಕೂತಿತು. ಆಚಾರ್ಯರು ಕೈ ಎತ್ತಿದರು.

"ಅಲುಗಬ್ಯಾಡ್ರಿ" ಎಂದರು ತಾಯಿಯವರು.

ಆಚಾರ್ಯರು ಕಂಬವಾದರು. ನೊಣಕ್ಕೆ ಯಾವ ಅವಸರವೂ ಇರಲಿಲ್ಲ. ಮುದ್ರೆಯಿಂದ ಜನಿವಾರಕ್ಕೆ, ಜನಿವಾರದಿಂದ ಹೆಗಲಿಗೆ ನಡೆದು, ಅಲ್ಲಿ ಮೀಸೆ ತೀಡಿಕೊಂಡು, ಬಂದಷ್ಟೇ ಸಲೀಸಾಗಿ ಹಾರಿಹೋಯಿತು. ಆಚಾರ್ಯರ ಹಣೆಯಿಂದ ಬೆವರು ಇಳಿಯುತ್ತಿತ್ತು. ತಾಯಿಯವರು ಅವರನ್ನೇ ಅಕ್ಕರೆಯಿಂದ ನೋಡಿ ನುಡಿದರು:

"ಆಚಾರ್ರ, ಹುಳಾ ಈಗ ನಿಮ್ಮನ್ನೂ ಮುಟ್ಟಿತು. ನಾಳಿಂದ ದೇವರು ನಿಮ್ಮ ಪೂಜಿ ಒಲ್ಲೆ ಅಂತಾನೇನ್ರಿ?"

ಶಾಸ್ತ್ರವಾಕ್ಯಗಳನ್ನು ಹುರಿಗಡಲೆಯಂತೆ ಕೈಯಲ್ಲಿಟ್ಟುಕೊಂಡು ತಿರುಗುತ್ತಿದ್ದ ಆಚಾರ್ಯರು ನೊಣ ನಡೆದ ಹೆಗಲನ್ನೇ ಸವರಿಕೊಂಡರು. ತಾಯಿಯವರು ನಾಲ್ಕು ತುಂಬೆಯ ಸಸಿಗಳನ್ನು ಎಲೆಯಲ್ಲಿ ಸುತ್ತಿ, ಹಿತ್ತಲಲ್ಲಿ ನೆಡೆಂದು ಗೋದಕ್ಕನ ಕೈಗಿತ್ತರು.

ಮನೆಗೆ ಬಂದೊಡನೆ ಆಚಾರ್ಯರು ಮೀಯುತ್ತಾರೆಂದು ಗೋದಕ್ಕ ನೀರೊಲೆಗೆ ಉರಿ ಹಾಕಹೋದರೆ, ಬೇಡವೆಂದು ಕೈಸನ್ನೆ ಮಾಡಿದರು. ಹೆಂಡತಿಗೆ ಗಾಬರಿಯೇ ಆಯಿತು.

ಬೆಳಗಾಗುತ್ತಲೇ ಗೋದಕ್ಕ ಹಿತ್ತಲಿಗೆ ಓಡಿದರು. ಕೊನೆಯ ಹೀಚಿನ ತುದಿಯಲ್ಲಿ ಹೂವು ಅರಳಿತ್ತು. ಆಚಾರ್ಯರು ಪರದೆಯ ಒಂದು ಮೂಲೆಯನ್ನು ಮಾತ್ರ ಬಿಚ್ಚಿ ಪಕ್ಕದಲ್ಲಿ ನಿಂತಿದ್ದರು. "ಬರೂದಿದ್ರ ಬರಲಿ, ದಾರಿ ಬಿಟ್ಟೇನಲ್ಲ" ಎಂದರು. ಹಟಮಾರಿತನ ಒಂದೇ ದಿನಕ್ಕೆ ಎಲ್ಲಿ ಹೋದೀತು?

ಬಿಸಿಲು ಏರಿತು. ಒಂದು ನೊಣವೂ ಬರಲಿಲ್ಲ. "ಬಿಸಲಾದ್ರ ಹೂ ಮುಚ್ಚಿಕೋತದರಿ. ಮುಚ್ಚಿದ್ರ ಮುಗೀತು" ಎಂದು ಗೋದಕ್ಕ ಸೆರಗು ಕಚ್ಚಿಕೊಂಡರು. ಹೆಂಡತಿಯ ಕಣ್ಣೀರು ಕಂಡ ಆಚಾರ್ಯರು ಒಮ್ಮೆಲೇ ಪರದೆಯನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದರು. ಗಳಗಳು ಉರುಳಿದವು, ಪರದೆ ಹರಿಯಿತು, ಅದರಲ್ಲಿ ಸಿಕ್ಕಿಕೊಂಡು ಆಚಾರ್ಯರೂ ನೆಲಕ್ಕೆ ಕೂತರು.

ಸ್ವಲ್ಪ ಹೊತ್ತಿಗೆ ಗುಂಯ್ ಎಂದು ಸದ್ದು ಕೇಳಿಸಿತು. ಒಂದು ಜೇನ್ನೊಣ ಗಂಡುಹೂವೊಂದನ್ನು ಹೊಕ್ಕು, ಮೈತುಂಬ ಅರಿಸಿನದ ಭಂಡಾರ ಬಳಿದುಕೊಂಡ ಗೊರವಯ್ಯನಂತೆ ಹೊರಬಂತು. ಅಲ್ಲೇ ಒಂದು ಸುತ್ತು ಹಾಕಿ ಹೀಚಿನ ಹೂವಿನೊಳಕ್ಕೆ ಇಳಿಯಿತು. ಕೂತಲ್ಲೇ ಆಚಾರ್ಯರು ಕೈಮುಗಿದರು.

ಆ ಹೀಚು ಉದುರಲಿಲ್ಲ. ಎಳ್ಳಮಾವಾಸ್ಯೆಗೆ ಆಚಾರ್ಯರೇ ಅದನ್ನು ತಲೆಯ ಮೇಲೆ ಹೊತ್ತು ನಡೆದರು. ಕಾಯಿ ಹೆಚ್ಚಿದಾಗ ತಾಯಿಯವರು ಬೀಜಗಳನ್ನು ತಾವೇ ಬಿಡಿಸಿ, ಬೂದಿ ಸವರಿ, ಗೋದಕ್ಕನ ಉಡಿಗೆ ಹಾಕಿದರು. ಗೋದಕ್ಕ ಹಿಗ್ಗಿನಿಂದ ಪಲ್ಯದ ಪಾತ್ರೆ ಹಿಡಿದು ಬಡಿಸಲು ಹೊರಟರು. ದನ ಕಾಯುವವರು, ಅಂಬಿಗರು, ಸಂತೆಗೆ ಹೊರಟವರು ಸಾಲಾಗಿ ಕೂತಿದ್ದರು. ಒಂದು ಎಲೆಯ ಮುಂದೆ ಬಂದಾಗ ಗೋದಕ್ಕನ ಸೌಟು ಹಿಡಿದ ಕೈ ನಿಂತುಬಿಟ್ಟಿತು.

ಮದುವೆಯಾದಂದಿನಿಂದ ಪರರ ಮನೆಯ ನೀರನ್ನೂ ಮುಟ್ಟದಿದ್ದ ಪ್ರಹ್ಲಾದಾಚಾರ್ಯರು ಅಂಬಿಗರ ಹನುಮಪ್ಪನ ಮಗ್ಗುಲಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದರು.

"ಯಾಕ ನಿಂತಿ? ಬಡಸು" ಎಂದರು.

ಗೋದಕ್ಕ ಬಡಿಸಿದರು.

"ಇಷ್ಟ ಏನು? ಹನುಮಪ್ಪಗ ಹಾಕಿದಷ್ಟು ಹಾಕು!"